ಮಂಟಪ ಮುಳುಗಿದರೆ ರೈಡ್ ಇಲ್ಲ

ನಮ್ಮ ಸೈಕಲ್ ಕ್ಲಬ್ಬಿಗೆ ಇರುವುದು ಒಂದೇ ನಿಯಮ. ಶಿವಮೊಗ್ಗದ ಹೊಳೆಯಲ್ಲಿ ಕೋರ್ಪಳಯ್ಯ ಛತ್ರದ ಮಂಟಪ ಪೂರ್ತಿ ಮುಳುಗಿದರೆ ಭಾನುವಾರದ ರೈಡ್ ಇಲ್ಲ. ಒಂದು ಗೇಣು ಕಂಡರೂ ರೈಡ್ ಇದೆ. ಹಳದಿ, ಕಿತ್ತಳೆ, ಕೆಂಪು ಅಲರ್ಟ್‌ಗಳೆಲ್ಲ ಶಾಲೆ ಮಕ್ಕಳಿಗೆ ರಜೆ ಕೊಡೋದಕ್ಕೆ ಸರಿ. ನಮಗೆ ಮಂಟಪವೇ ಹವಾಮಾನ ಇಲಾಖೆ.

ಕಳೆದ ವರ್ಷ ಪುಷ್ಯ ಮಳೆ ಹಿಡಿದಿತ್ತು. ಹಿಡಿದದ್ದು ಬಿಡುವ ಲಕ್ಷಣ ಇರಲಿಲ್ಲ. ಶನಿವಾರ ಸಂಜೆ ಮನೆಯಲ್ಲಿ ಹಾಲು ತರುತ್ತೇನೆ ಅಂತ ಸುಳ್ಳು ಹೇಳಿ, ಕೊಡೆ ಹಿಡಿದು ಹೊಳೆ ನೋಡಲು ಹೋದೆ. ಅರ್ಧ ಊರೇ ಅಲ್ಲಿತ್ತು. ಕೆಂಪು ನೀರು ಸುತ್ತಿ ಸುತ್ತಿ ಹೋಗುತ್ತಿತ್ತು. ಮಂಟಪದ ತಲೆ ಮಾತ್ರ ಮೇಲಿತ್ತು. ನಾನು ಕೈ ಮುಗಿದೆ. ಪಕ್ಕದಲ್ಲಿದ್ದ ಅಜ್ಜಿ ನನ್ನ ಭಕ್ತಿಗೆ ಮೆಚ್ಚಿ ತಲೆಯಾಡಿಸಿದರು. ನಾನು ಬೇಡಿಕೊಂಡದ್ದು ಇಷ್ಟೇ: ತುಂಗಮ್ಮ, ಬೆಳಗಿನ ಜಾವದೊಳಗೆ ಇನ್ನೊಂದು ಗೇಣು ಏರು ತಾಯಿ.

ರಾತ್ರಿ ಒಂಬತ್ತಕ್ಕೆ ಮೇಷ್ಟ್ರು ಗುಂಪಿನಲ್ಲಿ ಫೋಟೋ ಹಾಕಿದರು. "ಶಿಖರ ಕಾಣುತ್ತಿದೆ." ಗಣಪತಿ ಫೋಟೋವನ್ನು ದೊಡ್ಡದು ಮಾಡಿ, ಕೆಂಪು ಗೆರೆ ಎಳೆದು, "ಇದು ಮಂಟಪ ಅಲ್ಲ ಸರ್, ತೇಲಿ ಬಂದು ಸಿಕ್ಕಿಕೊಂಡ ದಿಮ್ಮಿ" ಎಂದು ವಾದ ಹೂಡಿದ. ಮೇಷ್ಟ್ರು ಪಿಯುಸಿಗೆ ಭೌತಶಾಸ್ತ್ರ ಹೇಳಿಕೊಡುವವರು. ದಿಮ್ಮಿಗೆ ಮೂಲೆ ಇರಲ್ಲ ಅಂತ ಸಿದ್ಧಮಾಡಿ ತೋರಿಸಿದರು. ರೈಡ್ ಖಾಯಂ ಆಯಿತು.

ಇನ್ನು ಬೆಳಗಿನ ಜಾವದ ಕಥೆ. ನಾಲ್ಕೂವರೆಗೆ ಅಲಾರಂ ಬಡಿಯಿತು. ಹೆಂಚಿನ ಮೇಲೆ ಮಳೆ ಅದಕ್ಕಿಂತ ಜೋರಾಗಿ ಬಡಿಯುತ್ತಿತ್ತು. ಕಂಬಳಿಯೊಳಗಿಂದಲೇ ಫೋನ್ ನೋಡಿದೆ. ಯಾರಾದರೂ ಒಬ್ಬರು, ದಯವಿಟ್ಟು ಯಾರಾದರೂ ಒಬ್ಬರು, "ಇವತ್ತು ಬೇಡ" ಅಂತ ಹಾಕಿರುತ್ತಾರೆ ಅಂತ ಆಸೆ. ಇಲ್ಲ. ನಾನೇ ಬುದ್ಧಿವಂತಿಕೆಯಿಂದ "ಮಳೆ ಇದೆಯಾ ನಿಮ್ಮ ಕಡೆ?" ಅಂತ ಹಾಕಿದೆ. ನಾವು ಐದು ಜನರೂ ಎರಡು ಕಿಲೋಮೀಟರ್ ಒಳಗೆ ಇರುವವರು. ನಿಮ್ಮ ಕಡೆ, ನಮ್ಮ ಕಡೆ ಅಂತ ಮಳೆಯಲ್ಲಿ ಎರಡು ಪಾಲು ಇಲ್ಲ. ತಕ್ಷಣ ನಾಲ್ಕೂ ನೀಲಿ ಟಿಕ್ಕು ಬಿದ್ದವು. ಅಂದರೆ ಎಲ್ಲರೂ ಎದ್ದಿದ್ದಾರೆ, ಎಲ್ಲರೂ ಕಂಬಳಿಯೊಳಗೇ ಇದ್ದಾರೆ. ಉತ್ತರ ಮಾತ್ರ ಇಲ್ಲ. ಐದು ನಿಮಿಷದ ನಂತರ ಡಾಕ್ಟ್ರು ಬರೆದರು: "ಜಿಟಿಜಿಟಿ ಅಷ್ಟೇ." ಅವರ ಮನೆ ಮುಂದಿನ ಚರಂಡಿ ಉಕ್ಕಿ ರಸ್ತೆಗೆ ಬಂದಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಮಂಜಣ್ಣ ಹೆಬ್ಬೆರಳು ಹಾಕಿದ. ಗಣಪತಿ ತೋಳಿನ ಚಿತ್ರ ಹಾಕಿದ. ಮುಗಿಯಿತು.

ಗೋಪಿ ಸರ್ಕಲ್‌ನಲ್ಲಿ ಐದೂವರೆಗೆ ಸೇರಿದಾಗ ಐವರ ಮುಖವೂ ಸಾಲ ವಸೂಲಿಗೆ ಬಂದವರ ಹಾಗಿತ್ತು. "ಏನು ಚಂದದ ಹವೆ ಅಲ್ವಾ!" ಅಂದರು ಮೇಷ್ಟ್ರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೊರಡುವ ಮೊದಲು ಮಂಜಣ್ಣನ ಕಾಲಿನ ವಿಷಯ ಹೇಳಲೇಬೇಕು. ಅವನದು ಅಡಿಕೆ ಮಂಡಿ ವ್ಯವಹಾರ, ತೋಟವೂ ಇದೆ. ಕೊಳೆರೋಗ ಬರದ ಹಾಗೆ ಮಳೆಗಾಲದ ಮುಂಚೆ ಗೊನೆಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರಲ್ಲ, ಅದರಲ್ಲಿ ಉಳಿದ ಎರಡು ಕೊಟ್ಟೆಯನ್ನು ಶೂ ಮೇಲೆ ಏರಿಸಿ ದಾರದಿಂದ ಬಿಗಿದುಕೊಂಡು ಬಂದಿದ್ದ.

"ಗೊನೆಗೆ ಕೊಳೆ ಬರದ ಹಾಗೆ ಕಾಯುತ್ತೆ ಅಂದ ಮೇಲೆ ಕಾಲಿಗೆ ಕಾಯಲ್ವಾ?" ಅಂದ. ಗಣಪತಿ ನಾಲ್ಕು ಸಾವಿರ ಕೊಟ್ಟು ತರಿಸಿದ ಶೂ ಕವಚ ಹಾಕಿದ್ದ. ಇಬ್ಬರೂ ಒಬ್ಬರ ಕಾಲನ್ನು ಒಬ್ಬರು ನೋಡಿ ಮರುಕಪಟ್ಟರು.

ದಾರಿ ತೀರ್ಥಹಳ್ಳಿ ರಸ್ತೆ, ಗುರಿ ಮಂಡಗದ್ದೆ, ಹೋಗಲು 30 ಕಿಲೋಮೀಟರ್. ಗಾಜನೂರಿನವರೆಗೆ ಯಾರೂ ಮಾತಾಡಲಿಲ್ಲ. ಬಾಯಿ ತೆರೆದರೆ ಮುಂದಿನ ಸೈಕಲ್ಲಿನ ಹಿಂದಿನ ಚಕ್ರ ನೇರವಾಗಿ ಕೆಸರು ಉಣಿಸುತ್ತಿತ್ತು. ರೇಸಿಂಗ್ ಸೈಕಲ್ಲಿಗೆ ಮಡ್‌ಗಾರ್ಡ್ ಹಾಕುವುದು ಮರ್ಯಾದೆಗೆ ಕಡಿಮೆ ಅಂತ ನಮ್ಮವರ ನಂಬಿಕೆ. ಹಾಗಾಗಿ ಪ್ರತಿಯೊಬ್ಬರ ಬೆನ್ನ ಮೇಲೂ ಸೊಂಟದಿಂದ ಕುತ್ತಿಗೆವರೆಗೆ ಅಳಿಲಿನ ಹಾಗೆ ಒಂದೊಂದು ಪಟ್ಟೆ.

ಗಾಜನೂರು ಡ್ಯಾಮಿನ ಗೇಟು ತೆಗೆದಿದ್ದರು. ಆ ಸದ್ದು ಕೇಳಿದ ಕೂಡಲೇ ನಮ್ಮವರಿಗೆ ಅದೇನೋ ಆವೇಶ. ಅಲ್ಲಿಂದ ಸಕ್ರೆಬೈಲಿನವರೆಗೆ ರೇಸು ಅಂತ ಯಾರೂ ಯಾವತ್ತೂ ಹೇಳಿಲ್ಲ, ಆದರೆ ಪ್ರತಿ ವಾರವೂ ನಡೆಯುತ್ತದೆ. ಎರಡು-ಮೂರು ಕಿಲೋಮೀಟರ್ ದೂರದ ರೇಸು. ಗೆದ್ದವರು "ಅಯ್ಯೋ, ಸುಮ್ನೆ ಬಂದೆ" ಅನ್ನಬೇಕು. ಸೋತವರು ಚೈನು ಸದ್ದು ಮಾಡುತ್ತಿದೆ ಅಂತ ಬಗ್ಗಿ ನೋಡಬೇಕು. ಅವತ್ತು ಮೇಷ್ಟ್ರು ಮುಂದಿದ್ದರು. ತಿರುವಿನಾಚೆ ರಸ್ತೆ ಮಧ್ಯೆ ನಾಲ್ಕು ದನ ಮಲಗಿದ್ದವು, ತಮ್ಮ ಮನೆ ಜಗಲಿ ಅನ್ನುವ ಹಾಗೆ. ಮೇಷ್ಟ್ರು ಬ್ರೇಕ್ ಒತ್ತಿದರು. ಸೈಕಲ್ಲು ಕೇಳಿಸಿಕೊಳ್ಳಲಿಲ್ಲ. ಇನ್ನೂ ಒತ್ತಿದರು. ಕೊನೆಗೆ ಕೆಂದ ದನದ ಹೊಟ್ಟೆಗೆ ಮುಂದಿನ ಚಕ್ರ ಮೆತ್ತಗೆ ತಾಗಿ ನಿಂತಿತು. ದನ ಎದ್ದೇಳಲೂ ಇಲ್ಲ. ತಲೆ ತಿರುಗಿಸಿ ಒಮ್ಮೆ ನೋಡಿ, ಮೆಲುಕು ಮುಂದುವರಿಸಿತು.

"ರಿಮ್ಮಿನ ಮೇಲೆ ನೀರಿನ ಪದರ ಇರುತ್ತೆ," ಮೇಷ್ಟ್ರು ಅಲ್ಲೇ ನಿಂತು ಪಾಠ ಶುರು ಮಾಡಿದರು. "ಬ್ರೇಕ್ ರಬ್ಬರ್ ಮೊದಲು ಅದನ್ನು ಒರೆಸಬೇಕು. ಆಮೇಲೆ ಹಿಡಿತ. ಚಕ್ರ ಒಂದೆರಡು ಸುತ್ತು ಹಾಕುವವರೆಗೆ ನಾವು ದೇವರ ಪಾಲು."

"ಅದಕ್ಕೇ ಡಿಸ್ಕ್ ಬ್ರೇಕ್ ಹಾಕಿಸಿ ಅಂದಿದ್ದು," ಅಂದ ಗಣಪತಿ.

"ಡಿಸ್ಕ್ ಬ್ರೇಕ್ ದುಡ್ಡಿಗೆ ಈ ದನಾನೇ ಕೊಳ್ಳಬಹುದು ಮಾರಾಯ," ಅಂದ ಮಂಜಣ್ಣ.

ಸಕ್ರೆಬೈಲಿನಲ್ಲಿ ಬಿಡಾರದ ಆನೆಗಳು ಮಳೆಯಲ್ಲಿ ನೆನೆಯುತ್ತಾ ನಿಂತಿದ್ದವು. ಅಷ್ಟು ಸಮಾಧಾನದಿಂದ ನೆನೆಯುವುದನ್ನು ನಾವು ಇನ್ನೂ ಕಲಿಯಬೇಕು.

ಮಂಡಗದ್ದೆ ಮುಟ್ಟಿದಾಗ ಎಂಟು ಹತ್ತಿರ. ರಸ್ತೆ ಬದಿಯ ಭಟ್ಟರ ಹೋಟೆಲಿಗೆ ನುಗ್ಗಿದೆವು. ಬೆಂಚಿನ ಮೇಲೆ ಕೂರುವ ಮೊದಲೇ ಭಟ್ಟರು, "ಕೂರಬೇಡಿ, ಮೊದಲು ಹಿಂಡ್ಕೊಂಡು ಬನ್ನಿ" ಅಂದರು. ಮಂಜಣ್ಣ ಜಗಲಿಯ ತುದಿಯಲ್ಲಿ ನಿಂತು ಕೊಟ್ಟೆಯ ದಾರ ಬಿಚ್ಚಿದ. ಒಂದೊಂದರಿಂದಲೂ ಹತ್ತಿರ ಹತ್ತಿರ ಒಂದು ಚೊಂಬು ನೀರು ಸುರಿಯಿತು. ಕಾಲು ಬಿಳುಚಿ, ಮಳೆಗೆ ನೆಂದ ಹಪ್ಪಳದ ಹಾಗಾಗಿತ್ತು. ಮೇಷ್ಟ್ರು ಬಗ್ಗಿ ನೋಡಿದರು.

"ಗೊನೆಗೆ ಕಟ್ಟುವಾಗ ಕೊಟ್ಟೆ ಬಾಯಿ ಎತ್ತ ಕಡೆ?"

"ಕೆಳಗೆ."

"ಇಲ್ಲಿ?"

"ಮೇಲೆ."

"ನೀನು ತಲೆಕೆಳಗಾಗಿ ಸೈಕಲ್ ಹೊಡೆದಿದ್ದರೆ ಸರಿ ಹೋಗ್ತಿತ್ತು."

ಗಣಪತಿಯ ನಾಲ್ಕು ಸಾವಿರದ ಕವಚದಿಂದಲೂ ಅಷ್ಟೇ ನೀರು ಬಂತು. ಮಂಜಣ್ಣ ಅದನ್ನು ಲೆಕ್ಕ ಹಾಕಿ, ಒಂದು ಚೊಂಬಿಗೆ ಎರಡು ಸಾವಿರ ಬಿತ್ತು ಅಂದ. ಗಣಪತಿಗೆ ಬೇಜಾರಾಗುವಷ್ಟರಲ್ಲಿ ಅವನ ಬಿಳಿ ಕಾಲ್ಚೀಲದ ಮೇಲೆ ಕೆಂಪು ಕಲೆ ಹರಡುತ್ತಿರುವುದು ಕಂಡಿತು. ದಾರಿಯಲ್ಲಿ ಒಂದಕ್ಕೆ ಅಂತ ಕಾಡಿನ ಅಂಚಿಗೆ ಇಳಿದಿದ್ದ, ಅಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿದೆ. ಕಾಲ್ಚೀಲ ಇಳಿಸಿದರೆ ಕಾಡುನೇರಳೆಯಷ್ಟು ಉಬ್ಬಿ, ಹೊಳೆಯುತ್ತಾ, ಪರಮ ಸುಖದಲ್ಲಿ ಅಂಟಿಕೊಂಡಿತ್ತು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗ. ಹುಟ್ಟಿದ್ದು ಹೊಸನಗರದಲ್ಲೇ ಆದರೂ ಆಗುಂಬೆಯ ಮಂಗ ಕೂಡ ಹೊರಡಿಸದ ಸದ್ದು ಹೊರಡಿಸಿದ. ಮಂಜಣ್ಣ ಬಾಯಲ್ಲಿದ್ದ ಹೊಗೆಸೊಪ್ಪು-ಸುಣ್ಣದ ರಸವನ್ನು ಬೆರಳಲ್ಲಿ ತೆಗೆದು ಒಂದು ಹನಿ ಮುಟ್ಟಿಸಿದ. ಉಂಬಳ ಮುದುಡಿ ಬಿತ್ತು. ರಕ್ತ ನಿಲ್ಲಲಿಲ್ಲ.

"ನಿಲ್ಲಲ್ಲ," ಅಂದರು ಡಾಕ್ಟ್ರು. "ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ. ಸ್ವಲ್ಪ ಹೊತ್ತು ಒತ್ತಿ ಹಿಡ್ಕೋ."

"ಸೆಪ್ಟಿಕ್ ಆಗುತ್ತಾ ಡಾಕ್ಟ್ರೇ?"

"ನಂಗೇನು ಗೊತ್ತು, ನಾನು ಹಲ್ಲಿನ ಡಾಕ್ಟ್ರು."

ಬಿಸಿ ಬನ್ಸ್ ಬಂತು, ಕಷಾಯ ಬಂತು. ಹೊರಗೆ ಮಳೆಯ ಸದ್ದಿಗೆ ಭಟ್ಟರ ರೇಡಿಯೋ ಕೇಳಿಸುತ್ತಿರಲಿಲ್ಲ. ಆಗ ಡಾಕ್ಟ್ರು ತಮ್ಮ ಬ್ರೆವೆ ಪುರಾಣ ತೆಗೆದರು. ಬ್ರೆವೆ ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಅವರು ಒಮ್ಮೆ 200 ಕಿಲೋಮೀಟರ್ ಬ್ರೆವೆ ಮುಗಿಸಿದ್ದಾರೆ, ಹದಿಮೂರೂವರೆ ಗಂಟೆಯ ಗಡುವಿನೊಳಗೆ. ಅದರಲ್ಲಿ ರೇಸ್ ಇಲ್ಲ, ಮೊದಲನೇ ಸ್ಥಾನ ಇಲ್ಲ, ಹಿಂದೆ ಸಹಾಯಕ್ಕೆ ಗಾಡಿ ಬರುವ ಹಾಗಿಲ್ಲ, ಗಾಡಿ ಹತ್ತಿದರೆ ಔಟ್.

"ಹದಿಮೂರೂವರೆ ಗಂಟೆ ತುಳಿದು ಎಲ್ಲಿಗೆ ಹೋದ್ರಿ?"

"ಹೊರಟ ಜಾಗಕ್ಕೇ ವಾಪಸ್."

ಭಟ್ಟರು ಬನ್ಸ್ ಕರಿಯುವ ಜಾಲರಿ ಹಿಡಿದೇ ಕೇಳಿದರು: "ಅಷ್ಟೂ ಮಾಡಿದ್ದಕ್ಕೆ ಅವರು ಎಷ್ಟು ಕೊಡ್ತಾರೆ?"

"ನಾವೇ ಕೊಡಬೇಕು ಭಟ್ರೇ. ಪ್ರವೇಶ ಶುಲ್ಕ. ಮೆಡಲಿಗೆ ಬೇರೆ."

ಭಟ್ಟರು ಏನೂ ಹೇಳದೆ ಬಾಣಲೆ ಕಡೆ ತಿರುಗಿದರು.

ಅವಮಾನ ಮುಚ್ಚಲು ಡಾಕ್ಟ್ರು ಇಟಲಿಗೆ ಹೋದರು, ಅಂದರೆ ಮಾತಿನಲ್ಲಿ. 1988ರ ಜೂನ್ 5. ಜಿರೋ ದಿ ಇಟಾಲಿಯಾ ರೇಸು. 2,600 ಮೀಟರ್ ಮೀರಿದ ಗಾವಿಯಾ ಅನ್ನುವ ಕಣಿವೆ ದಾರಿ, ಅದರ ಮೇಲೆ ಹಿಮ ಸುರಿಯುತ್ತಿದೆ. ಆದರೂ ಸವಾರರನ್ನು ಬಿಟ್ಟರು. ವ್ಯಾನ್ ಡರ್ ವೆಲ್ಡೆ ಅನ್ನುವ ಡಚ್ಚಿನವ ಗಿಡ್ಡ ತೋಳಿನ ಅಂಗಿಯಲ್ಲೇ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ. ಇಳಿಜಾರಿನಲ್ಲಿ ಚಳಿಗೆ ತಡೆಯಲಾರದೆ ನಿಂತುಬಿಟ್ಟ, ಗಾಡಿಯೊಂದರೊಳಗೆ ಹೊಕ್ಕು ಮೈ ಕಾಯಿಸಿಕೊಂಡ. ಗುರಿ ಮುಟ್ಟುವಾಗ ಮುಕ್ಕಾಲು ಗಂಟೆ ತಡ. ಆವತ್ತು ಮುಂದೆ ಬಂದು ಆ ವರ್ಷದ ಜಿರೋ ಗೆದ್ದವನು ಆಂಡಿ ಹ್ಯಾಂಪ್‌ಸ್ಟನ್, ಅಮೆರಿಕದವ. ಅವನ ತಂಡದವರು ಮೊದಲೇ ಅಂಗಡಿಗೆ ಹೋಗಿ ದಪ್ಪ ಕೈಗವಸು, ಟೋಪಿ ಎಲ್ಲ ಕೊಂಡು ತಂದಿದ್ದರು.

"ಅಂದ್ರೆ ಗೆದ್ದಿದ್ದು ಶಾಪಿಂಗ್ ಮಾಡಿದವನು," ಅಂದ ಗಣಪತಿ, ತನ್ನ ಶೂ ಕವಚಕ್ಕೆ ನ್ಯಾಯ ಸಿಕ್ಕ ಹಾಗೆ.

"ನಾವು ಆ ಡಚ್ಚಿನವನ ಕಡೆಯವರು," ಅಂದ ಮಂಜಣ್ಣ. "ಭಟ್ರೇ, ಇನ್ನೊಂದು ಕಷಾಯ."

"1980ರಲ್ಲಿ ಬೆಲ್ಜಿಯಂನಲ್ಲಿ ಇನೋ ಅಂತ," ಡಾಕ್ಟ್ರು ಬಿಡಲಿಲ್ಲ. "ಲಿಯೇಜ್ ರೇಸು, ಹಿಮ. ಹೊರಟವರು 174, ಮುಗಿಸಿದವರು 21. ಇನೋ ಒಂಬತ್ತು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದ. ಆದ್ರೆ ಎರಡು ಬೆರಳು ಆಮೇಲೂ ಸರಿ ಹೋಗ್ಲಿಲ್ಲ, ಚಳಿ ಬಂದರೆ ನೋವು."

"ಹಿಮ ಸುಲಭ," ಅಂದರು ಮೇಷ್ಟ್ರು. "ಕೊಡವಿದರೆ ಉದುರುತ್ತೆ. ಪುಷ್ಯ ಮಳೆ ಕೊಡವಿ ನೋಡೋಣ."

ಇದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ಕಿಟಕಿಯಾಚೆ ತುಂಗೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳು ಗೂಡಿನ ಮೇಲೆ ರೆಕ್ಕೆ ಅಗಲಿಸಿ ಕೂತಿದ್ದವು, ಮರಗಳ ಸೊಂಟದವರೆಗೆ ನೀರು. "ನೋಡಿ, ಎಷ್ಟು ಛಲ," ಅಂದೆ ನಾನು. "ಛಲ ಎಂಥದ್ದು, ಅವುಗಳ ಮನೆ ಅಲ್ಲೇ ಇದೆ," ಅಂದ ಮಂಜಣ್ಣ. "ನಮ್ಮದು 30 ಕಿಲೋಮೀಟರ್ ಹಿಂದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನೇ ಮೆಲ್ಲಗೆ ಶುರು ಮಾಡಿದ. "ಒಂದು ಸತ್ಯ ಹೇಳ್ಲಾ? ನಿನ್ನೆ ಸಂಜೆ ನಾನು ಹೊಳೆ ಹತ್ರ ಹೋಗಿದ್ದೆ. ಮಂಟಪ ಮುಳುಗಲಿ ಅಂತ ಒಂದು ತೆಂಗಿನಕಾಯಿ ಹರಕೆ ಹೊತ್ತಿದ್ದೆ."

ಡಾಕ್ಟ್ರು ಲೋಟ ಕೆಳಗಿಟ್ಟರು. "ನಾನು ಕಾರಲ್ಲೇ ಕೂತು ಬೇಡಿಕೊಂಡೆ."

ನಾನು ಅಜ್ಜಿಯ ಕಥೆ ಹೇಳಿದೆ. ಗಣಪತಿ, ದಿಮ್ಮಿ ವಾದ ಹೂಡಿದ್ದೇ ಅದಕ್ಕೆ ಅಂದ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದೆವು.

"ಫೋಟೋ ಹಾಕಿದ್ದು, ಯಾರಾದ್ರೂ ನೋಡಿ ಹೆದರಲಿ ಅಂತ," ಅಂದರು ಮೇಷ್ಟ್ರು. "ಈ ಹುಡುಗ ದಿಮ್ಮಿ ಅಂದ. ತಪ್ಪು ಉತ್ತರ ನೋಡಿದ ಮೇಲೆ ತಿದ್ದದೆ ಇರೋಕ್ಕಾಗಲ್ಲ. ಮೂವತ್ತು ವರ್ಷದ ಅಭ್ಯಾಸ."

ಇಷ್ಟು ನಗು ಆ ಹೋಟೆಲಿನಲ್ಲಿ ಆಗಿರಲಿಕ್ಕಿಲ್ಲ. ಮುಂದಿನ ವಾರದಿಂದ ಬೇಡ ಅನಿಸಿದವರು ನೇರವಾಗಿ ಬೇಡ ಅನ್ನಬೇಕು, ನಾಚಿಕೆ ಇಲ್ಲ, ಅಂತ ಬನ್ಸ್ ಸಾಕ್ಷಿಯಾಗಿ ತೀರ್ಮಾನ ಆಯಿತು. ನಾವೇನು ಇಟಲಿಯವರಾ, ಬೆಲ್ಜಿಯಂನವರಾ ಅಂತ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

ಅದೇ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದ ಒಂದು ಪಿಕಪ್ ಬಂದು ನಿಂತಿತು. ಖಾಲಿ ಗಾಡಿ, ಮೇಲೆ ಟಾರ್ಪಾಲು. ಡ್ರೈವರ್ ಚಹಾ ಕುಡಿದು, ಜಗಲಿಗೆ ಒರಗಿಸಿದ್ದ ಐದು ಸೈಕಲ್ ನೋಡಿ, ನಮ್ಮನ್ನು ನೋಡಿ, ಮಂಜಣ್ಣನ ಕೊಟ್ಟೆ ನೋಡಿದ. "ಶಿವಮೊಗ್ಗಕ್ಕೇ ಹೋಗ್ತಿದೀನಿ ಸಾರ್. ಐದೂ ಹಿಡಿಸುತ್ತೆ. ಬರ್ತೀರಾ?"

ನಾನು ಡಾಕ್ಟ್ರ ಮುಖ ನೋಡಿದೆ. ಡಾಕ್ಟ್ರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಬೆಳ್ಳಕ್ಕಿ ನೋಡುತ್ತಿದ್ದರು. ಗಣಪತಿ ಕಾಲನ್ನು ಇನ್ನಷ್ಟು ಒತ್ತಿ ಹಿಡಿದ.

"ಇಲ್ಲಪ್ಪ, ಜಿಟಿಜಿಟಿ ಅಷ್ಟೇ," ಅಂದರು ಡಾಕ್ಟ್ರು.

ಪಿಕಪ್ ಹೊರಟಿತು. ಹಿಂದಿನ ಕೆಂಪು ದೀಪ ಮಳೆಯಲ್ಲಿ ಕರಗುವವರೆಗೆ ಐವರೂ ನೋಡಿದೆವು. ಆಮೇಲೆ ಮಂಜಣ್ಣ ದಾರ ಬಿಗಿದು ಕೊಟ್ಟೆ ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ ಅಂದ: "ಅವನು ನಮ್ಮ ಮಂಡಿಗೆ ಬರೋ ಹುಡುಗನೇ. ನಂಬರ್ ಇದೆ ನನ್ನ ಹತ್ರ. ಫೋನ್ ಮಾಡ್ಲಾ?"

ಯಾರೂ ಮಾತಾಡಲಿಲ್ಲ.