‘ಒರಿಜಿನಲ್’ ಸೀನರಿ: ಮೂಲವೋ, ಅಸಲಿಯೋ?

ಪ್ರಶ್ನೆ: ನಿಸರ್ಗಚಿತ್ರಗಳ ಸಂಗ್ರಹವೊಂದಕ್ಕೆ ಕನ್ನಡದಲ್ಲೇ ಪಟ್ಟಿ ಮಾಡಬೇಕಾಗಿದೆ. ‘ಒರಿಜಿನಲ್’ ಇರುವ ಕಡೆ ‘ಮೂಲ’ ಅನ್ನಬೇಕೋ ‘ಅಸಲಿ’ ಅನ್ನಬೇಕೋ? ‘ಲ್ಯಾಂಡ್‌ಸ್ಕೇಪ್’ಗೆ ಯಾವ ಪದ ಒಳ್ಳೆಯದು?

ಉತ್ತರ: ಮೂಲ, ಅಸಲಿ ಎರಡೂ ಒಂದೇ ಅಲ್ಲ. ಚಿತ್ರಸಂತೆಯಲ್ಲಿ ‘ಇದು ಒರಿಜಿನಲ್ ಸರ್’ ಅಂದರೆ ಬಹುಮಟ್ಟಿಗೆ ‘ಪ್ರಿಂಟ್ ಅಲ್ಲ, ಕೈಯಲ್ಲಿ ಬರೆದದ್ದು’ ಎಂದಷ್ಟೇ ಅರ್ಥ. ಮೈಸೂರಿನ ಹೆಸರಾಂತ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣವೊಂದನ್ನು ವಿದ್ಯಾರ್ಥಿ ನೋಡಿಕೊಂಡು ಬರೆದು ತನ್ನದೇ ರುಜು ಹಾಕಿದ ಅನ್ನಿ. ಅದು ಕೈಯಲ್ಲಿ ಬರೆದದ್ದು ಹೌದು, ಮೂಲಕೃತಿ ಅಲ್ಲ. ಹಾಗೆಂದು ನಕಲಿಯೂ ಅಲ್ಲ, ನಕಲು. ತಾಲ್ಲೂಕು ಕಚೇರಿ ಕೊಡುವ ದಾಖಲೆಯ ನಕಲಿನಲ್ಲಿ ಮೋಸವಿಲ್ಲ, ನಕಲಿ ದಾಖಲೆಯಲ್ಲಿ ಇದೆ. ಚಿತ್ರಕ್ಕೂ ಅದೇ ಬಳಕೆ ಸಲ್ಲುತ್ತದೆ. ಯಾವ ಚಿತ್ರವನ್ನೂ ನೋಡದೆ ವೆಂಕಟಪ್ಪನವರ ಶೈಲಿಯಲ್ಲಿ ಹೊಸದಾಗಿ ಬರೆದು ಅವರ ರುಜು ಹಾಕಿ ಮಾರಿದರೆ ಅದು ಯಾವುದರ ನಕಲೂ ಅಲ್ಲ, ಆದರೆ ನಕಲಿ. ಆದ್ದರಿಂದ ಬರೆದವರು ಯಾರೆಂದು ಖಚಿತವಾದಾಗ ಮಾತ್ರ ‘ಅಸಲಿ’ ಬಳಸಿ. ‘ಪ್ರತಿಕೃತಿ’ ಬೇಡ, ಓದುಗರಿಗೆ ಮೊದಲು ನೆನಪಾಗುವುದು ಪ್ರತಿಭಟನೆಯಲ್ಲಿ ಸುಡುವ ಗೊಂಬೆ.

‘ಕೈಯಲ್ಲಿ ಬರೆದದ್ದು’ ಎಂದು ನಮೂದಿಸುವ ಮುಂಚೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಆಕಾಶದ ಭಾಗವನ್ನು ನೋಡಿ. ಆಫ್‌ಸೆಟ್ ಮುದ್ರಣವಾದರೆ ತಿಳಿನೀಲಿ ಒಡೆದು ಸಾಲಿಟ್ಟ ಬಣ್ಣದ ಚುಕ್ಕಿಗಳಾಗಿ ಕಾಣುತ್ತದೆ. ಇಂಕ್‌ಜೆಟ್‌ನಲ್ಲಿ ಸಾಲು ಇರುವುದಿಲ್ಲ, ಸಿಂಪಡಿಸಿದಂತೆ ಚದುರಿದ ಸಣ್ಣ ಚುಕ್ಕಿಗಳಿರುತ್ತವೆ. ಸಾಲನ್ನೇ ಹುಡುಕುವವರು ಇಲ್ಲಿ ಮೋಸಹೋಗುತ್ತಾರೆ. ನಿಜವಾದ ಜಲವರ್ಣದಲ್ಲಿ ಬಣ್ಣದ ಪುಡಿ ಒರಟು ಕಾಗದದ ತಗ್ಗುಗಳಲ್ಲಿ ಕೂತಿರುತ್ತದೆ, ನೀರು ಒಣಗಿದ ಅಂಚು ತುಸು ಗಾಢವಾಗಿರುತ್ತದೆ. ಕ್ಯಾನ್ವಾಸ್ ಆದರೆ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಮುದ್ರಿಸಿದ ಕ್ಯಾನ್ವಾಸಿನ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೀರು ಮೂಡಿಸುವುದುಂಟು. ಆಗ ಗೀರು ಒಂದು ದಿಕ್ಕಿಗೆ, ಮರದ ಕೊಂಬೆ ಇನ್ನೊಂದು ದಿಕ್ಕಿಗೆ ಹೋಗಿರುತ್ತದೆ.

1930ರದು ಎಂದು ಮಾರುವ ಚಿತ್ರದ ಕಾಗದ ಅತಿನೇರಳೆ ಟಾರ್ಚಿನಡಿ ನೀಲಿಬಿಳುಪಾಗಿ ಹೊಳೆದರೆ ಆ ಇಸವಿಯನ್ನು ನಂಬಬೇಡಿ. ಹಾಗೆ ಹೊಳೆಯುವ ರಾಸಾಯನಿಕವನ್ನು ಕಾಗದಕ್ಕೆ ಬೆರೆಸುವ ರೂಢಿ ಬಂದದ್ದು ಸುಮಾರು 1950ರಿಂದೀಚೆಗೆ. ಹೊಳೆಯಲಿಲ್ಲ ಎಂದಮಾತ್ರಕ್ಕೆ ಹಳೆಯದೆಂದೂ ಅಲ್ಲ.

ಇನ್ನು ‘ಲ್ಯಾಂಡ್‌ಸ್ಕೇಪ್’. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ, ರಷ್ಯಾದ ಚಿತ್ರಕಾರ ರೋರಿಕ್‌ರ ಹಿಮಾಲಯಕ್ಕೆ ‘ಭೂದೃಶ್ಯ’ ಒಪ್ಪುತ್ತದೆ. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರ ಹೂಬಿಟ್ಟ ಬೆಂಗಳೂರಿನ ಮರಗಳಿಗೆ ‘ನಿಸರ್ಗಚಿತ್ರ’ವೇ ಸರಿ. ಎರಡನ್ನೂ ಒಳಗೊಳ್ಳುವುದರಿಂದ ಪಟ್ಟಿಗೆ ಅದನ್ನೇ ಇಟ್ಟುಕೊಳ್ಳಿ. ನಮೂದು ಹೀಗಿರಬಹುದು: ‘ನಿಸರ್ಗಚಿತ್ರ. ಕಾಗದದ ಮೇಲೆ ಜಲವರ್ಣ, ಕೈಯಲ್ಲಿ ಬರೆದದ್ದು. ಚೌಕಟ್ಟು ಬಿಟ್ಟು 28 × 38 ಸೆಂ.ಮೀ. ಬಲ ಕೆಳಮೂಲೆಯಲ್ಲಿ ರುಜು ಇದೆ; ಅಸಲಿ ಎಂಬುದು ಖಚಿತವಾಗಿಲ್ಲ.’