1ರಿಂದ 10ರೊಳಗೆ ಒಂದು ಸಂಖ್ಯೆ ಹೇಳು ಅಂದರೆ ಮಾಡೆಲ್ 7 ಅನ್ನುವುದೇಕೆ?

ಪ್ರಶ್ನೆ: ಭಾಷಾ ಮಾಡೆಲ್ ಒಂದಕ್ಕೆ "1ರಿಂದ 10ರೊಳಗೆ ಯಾವುದಾದರೂ ಒಂದು ಸಂಖ್ಯೆ ಹೇಳು" ಅಂತ 1000 ಸಲ, ಪ್ರತಿ ಸಲ ಹೊಸ ಚಾಟ್‌ನಲ್ಲಿ ಕೇಳಿದೆ. 7 ವಿಪರೀತ ಬರುತ್ತಿದೆ, 1 ಮತ್ತು 10 ಅಪರೂಪ. ಇದನ್ನು ಬುದ್ಧಿಮತ್ತೆಯ ಅಳತೆಗೋಲು ಮಾಡಿಕೊಳ್ಳಬಹುದೇ?

ಉತ್ತರ 1: ಮಾಡೆಲ್ ದಾಳ ಉರುಳಿಸುವುದಿಲ್ಲ ಸರ್. ಮುಂದೆ ಬರಬಹುದಾದ ಟೋಕನ್‌ಗಳಿಗೆ (ಪದ ಅಥವಾ ಪದದ ತುಣುಕುಗಳಿಗೆ) ಸಂಭವನೀಯತೆ ಹಂಚುತ್ತದೆ, ಅದರಲ್ಲಿ ಒಂದನ್ನು ಎತ್ತುವುದು ಹೊರಗಿನ ಸ್ಯಾಂಪ್ಲರ್ ಎಂಬ ಭಾಗ. ಆ ಆಯ್ಕೆ ಎಷ್ಟು ಚದುರಬೇಕು ಎಂದು ಹೇಳುವ ಟೆಂಪರೇಚರ್ ಅನ್ನು 0 ಇಟ್ಟು ನೋಡಿ, ಹೆಚ್ಚುಕಡಿಮೆ ಪ್ರತಿ ಸಲ ಒಂದೇ ಸಂಖ್ಯೆ. ಓರೆ ಎಷ್ಟಿದೆ ಎಂದು ತಿಳಿಯಲು ಕೈ-ಸ್ಕ್ವೇರ್ (chi-square) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿ: ಸಮವಾಗಿ ಹಂಚಿದ್ದರೆ ಪ್ರತಿ ಸಂಖ್ಯೆ ಸುಮಾರು 100 ಸಲ ಬರಬೇಕು, ಬಂದದ್ದರಲ್ಲಿ 100 ಕಳೆದು, ವರ್ಗ ಮಾಡಿ, 100ರಿಂದ ಭಾಗಿಸಿ, ಹತ್ತನ್ನೂ ಕೂಡಿಸಿ. ಮೊತ್ತ 16.92 ದಾಟಿದರೆ 5% ಮಟ್ಟದಲ್ಲಿ ಅದು ಸಮಹಂಚಿಕೆ ಅಲ್ಲ. 7 ಒಂದೇ 300 ಸಲ ಬಂದಿದ್ದರೆ ಅದರಿಂದಲೇ 400 ಆಗುತ್ತದೆ.

ಉತ್ತರ 2: ಅದಷ್ಟೇ ಸಾಲದು. 1, 2, 3 ಅಂತ ಹತ್ತರವರೆಗೆ 100 ಸುತ್ತು ಬರೆದರೂ ಕೈ-ಸ್ಕ್ವೇರ್ ಸೊನ್ನೆಯೇ! ಒಂದೇ ಚಾಟ್‌ನಲ್ಲಿ 1000 ಸಂಖ್ಯೆ ಬರೆಸಿ, ಪಕ್ಕಪಕ್ಕದಲ್ಲಿ ಅದೇ ಸಂಖ್ಯೆ ಬಂದ ಜೋಡಿಗಳನ್ನು ಎಣಿಸಿ. 999 ಜೋಡಿಯಲ್ಲಿ ಸುಮಾರು 100 ಇರಬೇಕು. ಮನುಷ್ಯರು ಬರೆದರೆ ಕಡಿಮೆ ಬರುತ್ತದೆ, "ಈಗಷ್ಟೇ ಬರೆದೆನಲ್ಲ" ಅಂತ ತಪ್ಪಿಸುತ್ತಾರೆ. ಇನ್ನು ಬುದ್ಧಿಯ ಮಾತು: ಪೈಥಾನ್ ಕೈಗೆ ಕೊಟ್ಟಾಗ ಮಾಡೆಲ್ ತಾನಾಗಿ ಕೋಡ್ ಓಡಿಸುತ್ತದೆಯೇ ಎಂದು ನೋಡುವುದು ಹೆಚ್ಚು ಉಪಯೋಗ. ಪಾಸ್‌ವರ್ಡ್ ಕೇಳಿದಾಗ ರ‍್ಯಾಂಡಮ್ ಮಾಡ್ಯೂಲ್ ಬಿಟ್ಟು, ಊಹಿಸಲಾಗದ ಸಂಖ್ಯೆ ಕೊಡುವ ಪೈಥಾನ್‌ನ ಸೀಕ್ರೆಟ್ಸ್ ಮಾಡ್ಯೂಲ್ ಆರಿಸಿದರೆ ಇನ್ನೂ ಒಳ್ಳೆಯದು. ರ‍್ಯಾಂಡಮ್‌ನ ಒಳಗಿರುವುದು ಮರ್ಸೆನ್ ಟ್ವಿಸ್ಟರ್ ಎಂಬ, ಸೂತ್ರದಿಂದ ಸಂಖ್ಯೆ ಹುಟ್ಟಿಸುವ ವಿಧಾನ. 32 ಬಿಟ್‌ನ 624 ಔಟ್‌ಪುಟ್ ಸಾಲಾಗಿ ಸಿಕ್ಕರೆ ಮುಂದಿನದೆಲ್ಲ ಲೆಕ್ಕ ಹಾಕಬಹುದು.

ಉತ್ತರ 3: ಎರಡು ಮಾಡೆಲ್ ಹೋಲಿಸುವಾಗ ಸೀಡ್ (ಸ್ಯಾಂಪ್ಲರ್‌ನ ಆಯ್ಕೆಗಳು ಶುರುವಾಗುವ ಸಂಖ್ಯೆ) ಬರೆದಿಟ್ಟುಕೊಳ್ಳಿ. 200 ಪ್ರಶ್ನೆಗಳಲ್ಲಿ 70% ಅಂಕ ಬಂದರೆ ಅದರ ಅನಿಶ್ಚಿತತೆಯೇ ಸುಮಾರು ±6 ಶೇಕಡಾ ಅಂಶ. ಒಂದು 70, ಇನ್ನೊಂದು 72 ಅಂದರೆ ಯಾವುದು ಮೇಲು ಅಂತ ಹೇಳಲಾಗದು.