ಮಗಳಿಗೆ ಎಂಜಿನಿಯರಿಂಗ್ ಸೀಟು ಸುಲಭ, ಮಗನಿಗೆ ಕಷ್ಟ ಅನ್ನುವುದು ನಿಜವೇ?

ಪ್ರಶ್ನೆ (ಪೋಷಕರು, ತೀರ್ಥಹಳ್ಳಿ): ಮಗ, ಮಗಳು ಇಬ್ಬರೂ ಎರಡನೇ ಪಿಯು ಸೈನ್ಸ್. ಸಿಇಟಿ, ಜೆಇಇ ಎರಡನ್ನೂ ಬರೆಯುತ್ತಾರೆ. ಹುಡುಗಿಯರಿಗೆ ಬೇರೆ ಸೀಟು ಇಟ್ಟ ಮೇಲೆ ಹುಡುಗರ ಅವಕಾಶ ಕಮ್ಮಿಯಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಶಿವಮೊಗ್ಗದ ಜೆಎನ್‌ಎನ್‌ಸಿಇ ಕಾಲೇಜಿಗೂ ಸುರತ್ಕಲ್‌ನ ಎನ್‌ಐಟಿಗೂ ಇಬ್ಬರಿಗೆ ಬೇರೆ ಬೇರೆ ಲೆಕ್ಕ ಹಾಕಬೇಕಾ?

ಉತ್ತರ (ಪಿಯು ಉಪನ್ಯಾಸಕ, ಶಿವಮೊಗ್ಗ): ಸಿಇಟಿ ಮಟ್ಟಿಗೆ ಬೇಡ ಸರ್. ಕೆಇಎ (ಸಿಇಟಿ ನಡೆಸುವ ರಾಜ್ಯದ ಪರೀಕ್ಷಾ ಪ್ರಾಧಿಕಾರ) ಹಂಚುವ ಎಂಜಿನಿಯರಿಂಗ್ ಸೀಟಿನಲ್ಲಿ ಲಿಂಗದ ಲೆಕ್ಕವೇ ಇಲ್ಲ. ಪಿಯು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಕಾಲೇಜಿನಲ್ಲಿ ಹುಡುಗಿಯರು ಕಮ್ಮಿ ಇದ್ದಾರೆ ಅಂತ ಮೆಕ್ಯಾನಿಕಲ್‌ನಲ್ಲಿ ಮಗಳಿಗೆ ಸೀಟು ಸಡಿಲವಾಗುವುದಿಲ್ಲ. ಕಟಾಫ್ ಪಟ್ಟಿಯಲ್ಲಿ 2ಎಜಿ, 3ಬಿಆರ್, ಜಿಎಂಕೆ ಅಂತ ಕಾಣುವ ಕೊನೆಯ ಅಕ್ಷರವೇ ನಿಮಗೆ ಮುಖ್ಯ: ಜಿ ಅಂದರೆ ಸಾಮಾನ್ಯ (ಗರ್ಲ್ ಅಲ್ಲ), ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ.

ಉತ್ತರ (ಕೌನ್ಸೆಲಿಂಗ್ ನೋಡಿಕೊಳ್ಳುವವರು, ಸಾಗರ): ಲೆಕ್ಕ ಬದಲಾಗುವುದು ಜೋಸಾದಲ್ಲಿ, ಅಂದರೆ ಜೆಇಇ ಮೇಲೆ ಐಐಟಿ, ಎನ್‌ಐಟಿ ಸೀಟು ಹಂಚುವ ಕೇಂದ್ರದ ಕೌನ್ಸೆಲಿಂಗ್‌ನಲ್ಲಿ. ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟು ಶುರುವಾಯಿತು. ಒಟ್ಟು ಸೀಟಿನಲ್ಲಿ ಹುಡುಗಿಯರ ಪಾಲಿನ ಗುರಿ ಮೊದಲು ಶೇ 14, ಆಮೇಲೆ 17, 2020ಕ್ಕೆ 20. ಎನ್‌ಐಟಿಗಳಲ್ಲೂ ಇದೇ ಪದ್ಧತಿ ಇದೆ. ಹುಡುಗರ ಸೀಟಿನ ಸಂಖ್ಯೆ ಕುಗ್ಗಬಾರದು ಎಂದೇ ಸೀಟನ್ನು ಹೆಚ್ಚುವರಿಯಾಗಿ ಸೃಷ್ಟಿಸಿದ್ದು, ಹಾಗಾಗಿ ನಿಮ್ಮ ಮಗನ ಸೀಟನ್ನು ಯಾರೂ ಕಿತ್ತುಕೊಂಡಿಲ್ಲ.

ಹಂಚಿಕೆ ಹೀಗೆ ನಡೆಯುತ್ತದೆ. ಮಗಳ ಹೆಸರನ್ನು ಮೊದಲು 'ಫೀಮೇಲ್-ಓನ್ಲಿ' ಪೂಲ್‌ನಲ್ಲಿ ನೋಡುತ್ತಾರೆ. ಅಲ್ಲಿ ಸಿಗದಿದ್ದರೆ ಅದೇ ಬ್ರಾಂಚಿನ 'ಜೆಂಡರ್-ನ್ಯೂಟ್ರಲ್' ಪೂಲ್‌ಗೆ ಬರುತ್ತಾಳೆ. ಚಾಯ್ಸ್ ತುಂಬುವಾಗ ಪೂಲ್ ಆರಿಸುವ ಕೆಲಸ ಇಲ್ಲ, ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ತಪ್ಪಾಗುವುದು ಕಳೆದ ವರ್ಷದ ಕ್ಲೋಸಿಂಗ್ (ಸೀಟು ಸಿಕ್ಕ ಕೊನೆಯ) ರ‍್ಯಾಂಕ್ ಓದುವಾಗ. ಮಗಳ ಪಟ್ಟಿಯನ್ನು ನ್ಯೂಟ್ರಲ್ ಸಾಲು ನೋಡಿ ಮಾಡಿದರೆ ಸಿಗಬಹುದಾದ ಬ್ರಾಂಚನ್ನು ಮೊದಲೇ ಕೈಬಿಟ್ಟಂತೆ. ಮಗನಿಗೆ ಫೀಮೇಲ್ ಸಾಲು ನೋಡಿದರೆ ಸಿಗದ್ದಕ್ಕೆ ಆಸೆ ಹುಟ್ಟುತ್ತದೆ. ಸುರತ್ಕಲ್‌ಗೆ ಕೋಟಾ ಕಾಲಂನಲ್ಲಿ ಎಚ್‌ಎಸ್ (ಹೋಮ್ ಸ್ಟೇಟ್, ಅಂದರೆ ಸ್ವಂತ ರಾಜ್ಯ) ಇರುವ ಸಾಲನ್ನೇ ನೋಡಿ, ಅರ್ಧ ಸೀಟು ಕರ್ನಾಟಕದವರಿಗೆ.

ಇನ್ನೊಂದು ವಿಷಯ, ರಾಜ್ಯದ ಹಿಂದುಳಿದ ವರ್ಗದ 2ಎ, 3ಬಿ ಸರ್ಟಿಫಿಕೇಟ್ ಜೋಸಾದಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲಿ, ಆ ವರ್ಷದ ಏಪ್ರಿಲ್ 1ರ ನಂತರದ ತಾರೀಕಿನ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪ್ರಮಾಣಪತ್ರ ಬೇಕು.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ನಮ್ಮ ಮನೆ ಹಳ್ಳಿಯಲ್ಲೇ ಇರುವುದು, ಹಾಗಾದರೆ ಇಬ್ಬರಿಗೂ ಆರ್ ಸಿಗುತ್ತಲ್ಲ?

ಉತ್ತರ (ಪಿಯು ಉಪನ್ಯಾಸಕ, ಶಿವಮೊಗ್ಗ): ಮನೆ ಎಲ್ಲಿದೆ ಅಂತ ನೋಡುವುದಿಲ್ಲ ಸರ್, ಶಾಲೆ ಎಲ್ಲಿತ್ತು ಅಂತ ನೋಡುತ್ತಾರೆ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ತೀರ್ಥಹಳ್ಳಿ ಪಟ್ಟಣ ಪಂಚಾಯಿತಿ, ಅದರ ಗಡಿಯೊಳಗಿನ ಶಾಲೆ ಗ್ರಾಮೀಣ ಅಲ್ಲ. ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಪೇಟೆಗೆ ಬಂದಿದ್ದರೆ ಆ ಮೂರು ವರ್ಷಕ್ಕೇ ಆರ್ ಹೋಯಿತು. ಒಬ್ಬರು ಹಳ್ಳಿ ಶಾಲೆಯಲ್ಲೇ ಮುಗಿಸಿ ಇನ್ನೊಬ್ಬರು ಪೇಟೆಗೆ ಬಂದಿದ್ದರೆ, ಒಂದೇ ಮನೆಯ ಮಕ್ಕಳಾದರೂ ಒಬ್ಬರಿಗೆ ಮಾತ್ರ ಸಿಗುತ್ತದೆ. ಅರ್ಹತೆ ಇದ್ದರೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಈಗಲೇ ಮಾಡಿಸಿಡಿ. ಜಿಎಂ (ಸಾಮಾನ್ಯ ವರ್ಗ) ಆಗಿದ್ದರೆ ಇದರ ಜೊತೆಗೆ ಕೆನೆಪದರಕ್ಕೆ ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವೂ ಬೇಕು.

ಉತ್ತರ (ಕೌನ್ಸೆಲಿಂಗ್ ನೋಡಿಕೊಳ್ಳುವವರು, ಸಾಗರ): ಸಿಇಟಿ ಕಾಲೇಜಿಗೆ ಸೇರಿದರೂ ಮಗಳಿಗೆ ಒಂದು ಅನುಕೂಲ ಉಂಟು. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಹುಡುಗಿಯರಿಗೆ ಕೊಡುವ ಪ್ರಗತಿ ಸ್ಕಾಲರ್‌ಶಿಪ್ ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು. ಅರ್ಜಿ ಮೊದಲ ವರ್ಷದಲ್ಲೇ ಹಾಕಿ, ಆದಾಯ ಪ್ರಮಾಣಪತ್ರ ಅಡ್ಮಿಷನ್‌ಗೆ ಮೊದಲೇ ಕೈಯಲ್ಲಿರಲಿ.